ಸಹಾಯ ಬೇಕು: ಎಸ್‌ಎಸ್‌ಐ ಪಡೆಯುವವರ ಬಾಕಿ ಸ್ಟಿಮ್ಯುಲಸ್ ಹಣ

ಎಲ್ಲರಿಗೂ ನಮಸ್ಕಾರ. ನ್ಯೂಜೆರ್ಸಿಯಲ್ಲಿ ನಮ್ಮೊಂದಿಗಿರುವ, ಅಮೆರಿಕದ ಪೌರರೇ ಆದ ನನ್ನ ಚಿಕ್ಕಪ್ಪನವರಿಗೆ ಎಸ್‌ಎಸ್‌ಐ (ಕಡಿಮೆ ಆದಾಯದ ಅಂಗವಿಕಲರು ಮತ್ತು ಹಿರಿಯರಿಗೆ ಅಮೆರಿಕ ಸರ್ಕಾರ ಕೊಡುವ ಮಾಸಿಕ ನೆರವು) ಅಂಗವೈಕಲ್ಯ ಭತ್ಯೆಯ ಹೊರತು ಬೇರೆ ಆದಾಯವಿಲ್ಲ. ಈ ವರ್ಷದ, ಅಂದರೆ 2021ರ, 1,400 ಡಾಲರ್ ಸ್ಟಿಮ್ಯುಲಸ್ ಹಣ (ಕೋವಿಡ್ ಕಾಲದಲ್ಲಿ ಸರ್ಕಾರ ಜನರಿಗೆ ಕೊಟ್ಟ ನೆರವಿನ ಮೂರನೆಯ ಕಂತು) ಭತ್ಯೆ ಬರುವ ಖಾತೆಗೇ ತಾನಾಗಿ ಜಮೆಯಾಯಿತು. ಆದರೆ ಮೊದಲ ಕಂತಿನ 1,200 ಮತ್ತು ಎರಡನೆಯ ಕಂತಿನ 600 ಡಾಲರ್ ಬರಲೇ ಇಲ್ಲ. ಸಹಾಯವಾಣಿಗೆ ಕರೆ ಮಾಡಿದರೆ ಸಂಗೀತವಷ್ಟೇ ಕೇಳುತ್ತದೆ. ಆದಾಯವಿಲ್ಲದಿದ್ದರೂ 2020ರ 1040 ನಮೂನೆಯನ್ನು (ಆದಾಯ ತೆರಿಗೆ ವಿವರಣೆ) ಸಲ್ಲಿಸಿ, ಅದರಲ್ಲಿ ರಿಕವರಿ ರಿಬೇಟ್ ಕ್ರೆಡಿಟ್ (ಬಾರದ ಸ್ಟಿಮ್ಯುಲಸ್ ಹಣವನ್ನು ತೆರಿಗೆ ಮರುಪಾವತಿಯಾಗಿ ಪಡೆಯುವ ಸೌಲಭ್ಯ) ಕೇಳಿದರೆ ಬಾಕಿ ಸಿಗುತ್ತದೆ ಎಂದು ಪರಿಚಿತ ಲೆಕ್ಕಿಗರೊಬ್ಬರು ಹೇಳಿದರು. ಅಲ್ಲಿಯವರೆಗೆ ಅರ್ಥವಾಗಿದೆ.

ಎಸ್‌ಎಸ್‌ಐ ಪಡೆಯುವ ಒಂಟಿ ವ್ಯಕ್ತಿಯ ಉಳಿತಾಯ 2,000 ಡಾಲರ್ ಮೀರುವಂತಿಲ್ಲ ಎಂಬ ನಿಯಮವೇ ಗೊಂದಲ. ನೇರವಾಗಿ ಬಂದ ಸ್ಟಿಮ್ಯುಲಸ್ ಹಣವನ್ನು ಈ ಲೆಕ್ಕಕ್ಕೆ ಹಿಡಿಯುವುದಿಲ್ಲವೆಂದು ಓದಿದ್ದೇನೆ. ತೆರಿಗೆ ಮರುಪಾವತಿಯ ರೂಪದಲ್ಲಿ ಬರುವ 1,800 ಡಾಲರಿಗೂ ಅದೇ ವಿನಾಯಿತಿ ಅನ್ವಯಿಸುತ್ತದೆಯೇ, ಅಥವಾ ಅದರಿಂದ ಅವರ ಮಾಸಿಕ ಭತ್ಯೆಗೆ ತೊಂದರೆಯಾದೀತೇ?