ಓದುಗರ ಸ್ಪಂದನ: ಹೈಸ್ಕೂಲಿಗೆ ಸೇರಿದ ಮಗಳು ಮಾತು ಬಿಟ್ಟಿದ್ದಾಳೆ

ಕೊಡಗಿನ ಮಾದಾಪುರ ಕಡೆಯ ತಾಯಿಯೊಬ್ಬರ ಸಮಸ್ಯೆ ಇದು. ಮಗಳು ಊರಿನ ಕನ್ನಡ ಶಾಲೆಯಲ್ಲಿ ಏಳನೇ ತರಗತಿ ಮುಗಿಸಿ, ಜೂನ್‌ನಲ್ಲಿ ಪೇಟೆಯ ಹೈಸ್ಕೂಲಿನ ಇಂಗ್ಲಿಷ್ ಮಾಧ್ಯಮಕ್ಕೆ ಸೇರಿದ್ದಾಳೆ. ಬೆಳಿಗ್ಗೆ ಹೊಟ್ಟೆನೋವು, ಸಂಜೆ ಮೌನ. ಶಾಲೆ ಬಿಡಿಸಲೇ ಎಂದು ಕೇಳಿದ್ದರು.

ಅಮ್ಮಾ, ಈಗಲೇ ಶಾಲೆ ಬಿಡಿಸಬೇಡಿ. ಹಳ್ಳಿ ಶಾಲೆಗಳಿಂದ ಎಂಟನೇ ಕ್ಲಾಸಿಗೆ ಬರುವ ಮಕ್ಕಳನ್ನು ಸರ್ವಿಸ್ ಪೂರ್ತಿ ನೋಡಿದವಳು ನಾನು. ಊರ ಶಾಲೆಯಲ್ಲಿ ಒಬ್ಬರೇ ಟೀಚರ್ ಎರಡು ಮೂರು ವಿಷಯ ಹೇಳಿಕೊಡುತ್ತಾರೆ. ಮಗು ಯಾರ ಮನೆಯದು, ಅಜ್ಜಿಗೆ ಹುಷಾರಿಲ್ಲವಾ, ಎಲ್ಲ ಅವರಿಗೆ ಗೊತ್ತು. ಹೈಸ್ಕೂಲಲ್ಲಿ ಬೆಲ್ ಹೊಡೆದ ಹಾಗೆಲ್ಲ ಮೇಷ್ಟ್ರು ಬದಲಾಗುತ್ತಾರೆ. ಹೆಸರು ಹಿಡಿದು ಕರೆಯುವವರೇ ಇಲ್ಲ ಅಂತ ಮಕ್ಕಳಿಗೆ ಅನ್ನಿಸಿಬಿಡುತ್ತದೆ. ಸಾಲದ್ದಕ್ಕೆ ನಮ್ಮ ಜಿಲ್ಲೆಯ ಮಳೆ. ಹಿಂದಿನ ಪಾಠ ಗಟ್ಟಿ ಮಾಡಲೆಂದು ಜೂನ್‌ನಲ್ಲಿ ಸೇತುಬಂಧ ಶುರು ಮಾಡುತ್ತಾರೆ, ಅಷ್ಟರಲ್ಲಿ ಡಿಸಿ ರಜೆ ಕೊಡುತ್ತಾರೆ. ನೀವೇ ಹೋಗಿ ಕ್ಲಾಸ್ ಟೀಚರನ್ನು ಕಂಡು, ಸೇತುಬಂಧದ ಪರೀಕ್ಷೆಯಲ್ಲಿ ಮಗಳು ಎಲ್ಲಿ ಎಡವಿದ್ದಾಳೆ ಕೇಳಿ. ಕರ್ನಾಟಕ ಪಠ್ಯಪುಸ್ತಕ ಸಂಘದ ವೆಬ್‌ಸೈಟಿನಲ್ಲಿ ಎರಡೂ ಮಾಧ್ಯಮದ ಪುಸ್ತಕ ಉಚಿತವಾಗಿ ಸಿಗುತ್ತದೆ. ಗಣಿತ, ವಿಜ್ಞಾನವನ್ನು ಮೊದಲು ಕನ್ನಡದಲ್ಲಿ ಓದಿಸಿ, ಆಮೇಲೆ ಅದೇ ಪುಟ ಇಂಗ್ಲಿಷಿನಲ್ಲಿ. ಲೆಕ್ಕ ಬರುತ್ತಿದ್ದ ಹುಡುಗಿಗೆ ಲೆಕ್ಕ ಮರೆತಿರುವುದಿಲ್ಲ. ಪ್ರಶ್ನೆ ಅರ್ಥವಾಗಿರುವುದಿಲ್ಲ, ಅಷ್ಟೇ.
– ನಿವೃತ್ತ ಗಣಿತ ಶಿಕ್ಷಕಿ, ಸೋಮವಾರಪೇಟೆ

ಆಂಟಿ, ಹೊಟ್ಟೆನೋವು ಸುಳ್ಳಲ್ಲ. ಎಂಟನೇ ಕ್ಲಾಸಲ್ಲಿ ನನಗೂ ಬರುತ್ತಿತ್ತು. ಟಾಯ್ಲೆಟ್ಟಿಗೆ ಹೋಗೋಕೆ ನಾಚಿಕೆ ಆಗಿ ಬೆಳಿಗ್ಗೆಯಿಂದ ನೀರೇ ಕುಡಿಯುತ್ತಿರಲಿಲ್ಲ. ತಂದ ಬಾಟಲಿ ಹಾಗೇ ತುಂಬಿಕೊಂಡು ಮನೆಗೆ ವಾಪಸ್. ಅಮ್ಮ ಅದನ್ನು ನೋಡಿಯೇ ಕಂಡುಹಿಡಿದರು. ನೀವೂ ಸಂಜೆ ಬಾಟಲಿ ನೋಡಿ, ಬೈಯಬೇಡಿ. ನಮ್ಮ ಬಸ್ಸು ಫುಲ್ ರಶ್, ಇಳಿಯುವಾಗ ಸಾಕ್ಸ್ ಪಚಪಚ ಅನ್ನುತ್ತದೆ. ಹಾಗೇ ಮೂರು ಗಂಟೆವರೆಗೆ ಕೂತರೆ ಯಾರಿಗೆ ಪಾಠ ತಲೆಗೆ ಹೋಗುತ್ತದೆ? ಒಂದು ಜೊತೆ ಸಾಕ್ಸ್, ಪ್ಯಾಡ್ ಪ್ಲಾಸ್ಟಿಕ್ ಕವರಲ್ಲಿ ಸುತ್ತಿ ಬ್ಯಾಗಿನ ಒಳಖಾನೆಯಲ್ಲಿ ಇಟ್ಟುಕೊಡಿ. ಇನ್ನೊಂದು ವಿಷಯ. ಮನೇಲಿ ನಾವು ಅರೆಭಾಷೆ (ನಮ್ಮ ಕಡೆಯ ಕನ್ನಡದ ಒಂದು ಬಗೆ) ಮಾತಾಡೋದು. ಎದ್ದು ನಿಂತು ಇಂಗ್ಲಿಷ್ ಪಾಠ ಓದಿದಾಗ ಹಿಂದಿನ ಬೆಂಚಿನವರು ನಕ್ಕರು. ಆಮೇಲೆ ತಿಂಗಳುಗಟ್ಟಲೆ ನಾನು ಕೈಯೇ ಎತ್ತಲಿಲ್ಲ. ನಿಮ್ಮ ಮಗಳಿಗೂ ಯಾರಾದರೂ ನಕ್ಕಿರಬಹುದು. ನೇರ ಕೇಳಿದರೆ ಹೇಳಲ್ಲ. ರೊಟ್ಟಿ ತಟ್ಟುವಾಗಲೋ, ತಲೆ ಬಾಚುವಾಗಲೋ ಸುಮ್ನೆ ಮಾತು ತೆಗೆಯಿರಿ.
– ಹತ್ತನೇ ತರಗತಿ ವಿದ್ಯಾರ್ಥಿನಿ, ನಾಪೋಕ್ಲು

ಟೀಚರ್ ಹೇಳಿದ್ದು ಸರಿ, ಶಾಲೆ ಬಿಡಿಸುವುದು ಬೇಡ. ಆದರೆ ಮಾಧ್ಯಮ ಬದಲಿಸಬಾರದು ಅಂತೇನಿಲ್ಲ. ನನ್ನ ಮಗನನ್ನು ಅವನಿದ್ದ ಶಾಲೆಯಲ್ಲೇ ಇಂಗ್ಲಿಷ್‌ನಿಂದ ಕನ್ನಡ ಮಾಧ್ಯಮಕ್ಕೆ ಹಾಕಿದೆ. ನಾಲ್ಕು ಜನ ನಾಲ್ಕು ಮಾತಾಡಿದರು. ಹುಡುಗ ಮಾತ್ರ ಮತ್ತೆ ಪುಸ್ತಕ ಹಿಡಿದ. ಎಸ್ಸೆಸ್ಸೆಲ್ಸಿಯನ್ನು ಕನ್ನಡದಲ್ಲೂ ಬರೆಯಬಹುದು ಅಲ್ವಾ? ಅವಳ ಶಾಲೆಯಲ್ಲಿ ಕನ್ನಡ ವಿಭಾಗ ಇದ್ದರೆ, ಮಗಳನ್ನು ಕೂರಿಸಿಕೊಂಡೇ ಹೆಡ್‌ಮಾಸ್ಟರ್ ಹತ್ತಿರ ಮಾತಾಡಿ. ದಸರಾ ರಜೆಯೊಳಗೆ ತೀರ್ಮಾನ ಮಾಡಿ, ತಡವಾದಷ್ಟೂ ಪಾಠ ಹಿಂದೆ ಬೀಳುತ್ತದೆ. ಹಾಗೆಯೇ ಸಂಜೆ ಬಸ್ಸು ತಪ್ಪಿದರೆ ಏನು ಮಾಡಬೇಕು ಅಂತ ಅವಳಿಗೆ ಈಗಲೇ ಹೇಳಿಕೊಡಿ. ನಮ್ಮ ಕಡೆ ತೋಟದ ದಾರಿಯಲ್ಲಿ ಆನೆ ಇರುತ್ತದೆ. ಮಕ್ಕಳು ಆ ಭಯವನ್ನು ದಿನವಿಡೀ ಹೊತ್ತುಕೊಂಡೇ ಕ್ಲಾಸಲ್ಲಿ ಕೂತಿರುತ್ತಾರೆ.
– ಎಸ್ಟೇಟ್ ರೈಟರ್ (ತೋಟದ ಲೆಕ್ಕ ಬರೆಯುವವರು), ಸಿದ್ದಾಪುರ