ರಸ್ತೆ ಅಪಘಾತದ ಗಾಯಕ್ಕೆ ಪರಿಹಾರ: ಕಾರಿನ ಮಾಲೀಕರೊಂದಿಗೆ ರಾಜಿಯೋ, ನ್ಯಾಯಮಂಡಳಿಗೆ ಅರ್ಜಿಯೋ?

ಪ್ರಶ್ನೆ

ಮಾನ್ಯರೇ, 34 ವರ್ಷದ ನನ್ನ ತಮ್ಮ ಟೈಲ್ಸ್ ಕೂರಿಸುವ ಕೆಲಸ ಮಾಡುತ್ತಾನೆ. ಕಳೆದ ತಿಂಗಳು ಮಾಗಡಿ ರಸ್ತೆಯಲ್ಲಿ ಬೈಕಿನಲ್ಲಿ ಬರುತ್ತಿದ್ದಾಗ ಅಡ್ಡರಸ್ತೆಯಿಂದ ನುಗ್ಗಿದ ಕಾರೊಂದು ಡಿಕ್ಕಿ ಹೊಡೆದು, ಬಲಗಾಲಿನ ಮೊಣಕಾಲ ಕೆಳಗಿನ ಮೂಳೆ ಮುರಿದಿದೆ. ಶಸ್ತ್ರಚಿಕಿತ್ಸೆ ಮಾಡಿ ರಾಡ್ ಹಾಕಿದ್ದಾರೆ. ಆಸ್ಪತ್ರೆಗೆ ಸೇರಿಸಿದವರು ಕಾರಿನ ಮಾಲೀಕರೇ. ದಾಖಲು ಮಾಡಿಸುವಾಗ ಅವರು "ಬೈಕ್ ಸ್ಕಿಡ್ ಆಗಿ ಬಿದ್ದ" ಎಂದು ಹೇಳಿ ಬರೆಸಿದ್ದಾರೆಂಬುದು ನಮಗೆ ಡಿಸ್ಚಾರ್ಜ್ ಸಾರಾಂಶ ನೋಡಿದಾಗಲೇ ತಿಳಿಯಿತು. ಬಿಲ್ಲಿನ ಒಂದು ಭಾಗವನ್ನು ಅವರು ಫೋನ್‌ಪೇ ಮೂಲಕ ಕಳುಹಿಸಿ, ಪೊಲೀಸ್ ದೂರು ಬೇಡ, ಉಳಿದದ್ದನ್ನೂ ಕೊಡುತ್ತೇನೆ ಎನ್ನುತ್ತಿದ್ದಾರೆ. ನಾವು ಇದುವರೆಗೆ ದೂರು ಕೊಟ್ಟಿಲ್ಲ. ಕೂಲಿ ಬಹುಪಾಲು ನಗದಿನಲ್ಲೇ ಬರುತ್ತಿದ್ದುದರಿಂದ ಆದಾಯಕ್ಕೆ ದಾಖಲೆಯೂ ಇಲ್ಲ. ಇಂತಹ ಸ್ಥಿತಿಯಲ್ಲಿ ಪರಿಹಾರದ ಅರ್ಜಿ ನಿಲ್ಲುತ್ತದೆಯೇ?

ಉತ್ತರ: ಬೆಂಗಳೂರಿನ ಸ್ಮಾಲ್ ಕಾಸಸ್ ಕೋರ್ಟಿನಲ್ಲಿ ಅಪಘಾತ ಪ್ರಕರಣ ನಡೆಸುವ ವಕೀಲರು

ಅರ್ಜಿ ನಿಲ್ಲುತ್ತದೆ, ಆದರೆ ದೂರು ಇನ್ನು ಒಂದು ದಿನವೂ ತಡವಾಗಬಾರದು. ಪರಿಹಾರ ಕೊಡಬೇಕಾದದ್ದು ಬಹುತೇಕ ಆ ಕಾರಿನ ವಿಮಾ ಕಂಪನಿ. ಅದರ ಮೊದಲ ತಕರಾರೇ "ನಮ್ಮ ವಾಹನ ಅಪಘಾತ ಮಾಡಿಯೇ ಇಲ್ಲ, ಪರಿಹಾರಕ್ಕಾಗಿ ನಂತರ ಸೇರಿಸಿದ್ದಾರೆ" ಎಂಬುದಾಗಿರುತ್ತದೆ. ಸ್ಕಿಡ್ ಆಗಿ ಬಿದ್ದನೆಂಬ ಆಸ್ಪತ್ರೆಯ ದಾಖಲೆ ಮತ್ತು ತಡವಾದ ದೂರು, ಇವೆರಡೂ ಸೇರಿದರೆ ಆ ತಕರಾರಿಗೆ ಬಲ ಬರುತ್ತದೆ. ದೂರು ತಡವಾಯಿತೆಂಬ ಒಂದೇ ಕಾರಣಕ್ಕೆ ಅರ್ಜಿ ವಜಾ ಮಾಡಬಾರದೆಂದು 2011ರಲ್ಲಿ ರವಿ ವಿರುದ್ಧ ಬದ್ರಿನಾರಾಯಣ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಆದರೆ ತಡವಾದದ್ದೇಕೆ ಎಂಬುದಕ್ಕೆ ನಂಬುವಂತಹ ವಿವರಣೆ ಇರಬೇಕು.

ಆದ್ದರಿಂದ ಆ ವ್ಯಾಪ್ತಿಯ ಸಂಚಾರ ಪೊಲೀಸ್ ಠಾಣೆಗೆ ಕೊಡುವ ದೂರಿನಲ್ಲಿ ಕಾರಿನ ನಂಬರು, ಆಸ್ಪತ್ರೆಗೆ ಸೇರಿಸಿದವರು ಯಾರು, ಅವರು ಏನೆಂದು ಬರೆಸಿದರು, ರಾಜಿಯ ಭರವಸೆಯಿಂದಾಗಿ ನೀವು ಸುಮ್ಮನಿದ್ದದ್ದು, ಎಲ್ಲವನ್ನೂ ಇದ್ದದ್ದು ಇದ್ದಂತೆ ಬರೆಯಿರಿ. ಆಸ್ಪತ್ರೆಯ ಕೇಸ್ ಶೀಟನ್ನು ತಿದ್ದಿಸಲು ದಯವಿಟ್ಟು ಹೋಗಬೇಡಿ. ತಿದ್ದಿದ ದಾಖಲೆ ನಿಮ್ಮನ್ನೇ ಅನುಮಾನಕ್ಕೆ ಗುರಿ ಮಾಡುತ್ತದೆ. ಆ ಫೋನ್‌ಪೇ ಪಾವತಿ ಮತ್ತು ಮಾಲೀಕರ ವಾಟ್ಸಾಪ್ ಸಂದೇಶಗಳು ಈಗ ನಿಮ್ಮ ಬಹುಮುಖ್ಯ ಸಾಕ್ಷ್ಯ. ಡಿಕ್ಕಿ ಹೊಡೆಯದವರು ಅಪರಿಚಿತರ ಆಸ್ಪತ್ರೆ ಬಿಲ್ಲನ್ನೇಕೆ ಕಟ್ಟುತ್ತಾರೆ ಎಂಬ ಪ್ರಶ್ನೆಗೆ ಕಂಪನಿ ಉತ್ತರಿಸಬೇಕಾಗುತ್ತದೆ. ಸಂದೇಶ ಅಳಿಸಬೇಡಿ, ಆ ಫೋನನ್ನು ಮಾರಬೇಡಿ. ರಸ್ತೆಬದಿಯ ಅಂಗಡಿಗಳ ಸಿಸಿಟಿವಿ ದೃಶ್ಯ ಹೆಚ್ಚು ದಿನ ಉಳಿಯುವುದಿಲ್ಲ, ಇಂದೇ ಹೋಗಿ ವಿಚಾರಿಸಿ. ಠಾಣೆಯಲ್ಲಿ ದೂರು ಸ್ವೀಕರಿಸದಿದ್ದರೆ ಸಂಬಂಧಪಟ್ಟ ಡಿಸಿಪಿಗೆ ಲಿಖಿತವಾಗಿ ಕಳುಹಿಸಿ.

ಮೋಟಾರು ವಾಹನ ಕಾಯ್ದೆಯ ಕಲಂ 166(3)ರಂತೆ ಅಪಘಾತ ನಡೆದ 6 ತಿಂಗಳೊಳಗೆ ಅರ್ಜಿ ಸಲ್ಲಿಸಬೇಕು. 2022ರ ಏಪ್ರಿಲ್ 1ರಿಂದ ಈ ಗಡುವು ಜಾರಿಯಲ್ಲಿದೆ. ಇದನ್ನು ಪ್ರಶ್ನಿಸಿ ಸುಪ್ರೀಂ ಕೋರ್ಟಿಗೆ ಅರ್ಜಿಗಳು ಹೋಗಿವೆ ನಿಜ, ಆದರೆ ಅದನ್ನು ನೆಚ್ಚಿಕೊಂಡು ಕಾಯುವುದು ಸರಿಯಲ್ಲ. ಇನ್ನೊಂದು ಮಾತು: ಕಲಂ 164ರಡಿ ಯಾರ ತಪ್ಪೆಂದು ಸಾಬೀತು ಮಾಡದೆಯೇ ತೀವ್ರ ಗಾಯಕ್ಕೆ 2.5 ಲಕ್ಷ ರೂಪಾಯಿ ಸಿಗುತ್ತದೆ, ಆದರೆ ಅದನ್ನು ಒಪ್ಪಿ ಪಡೆದರೆ ಕಲಂ 166ರ ಅರ್ಜಿ ಕೈತಪ್ಪುತ್ತದೆ. ದುಡಿಮೆಗೇ ಕುತ್ತು ಬಂದಿರುವ ನಿಮ್ಮ ತಮ್ಮನ ವಿಷಯದಲ್ಲಿ ಅವಸರಪಟ್ಟು ಅದನ್ನು ಒಪ್ಪುವುದು ನನಗೆ ಸರಿಕಾಣುವುದಿಲ್ಲ.

ಉತ್ತರ: ತಂದೆಯವರ ಪ್ರಕರಣ ನಡೆಸಿದ ಅನುಭವವಿರುವವರು

ವಕೀಲರು ಹೇಳಿದ್ದಕ್ಕೆ ಆದಾಯ ಮತ್ತು ಅಂಗವೈಕಲ್ಯದ ಕುರಿತು ಸೇರಿಸಬಯಸುತ್ತೇನೆ, ಏಕೆಂದರೆ ಮೊತ್ತ ನಿರ್ಧಾರವಾಗುವುದು ಅಲ್ಲಿಯೇ. ಆದಾಯಕ್ಕೆ ಪುರಾವೆ ಇಲ್ಲದಿದ್ದರೆ ನ್ಯಾಯಮಂಡಳಿಯು ಆ ವರ್ಷಕ್ಕೆ ಅಂದಾಜು ಆದಾಯವೊಂದನ್ನು ಹಿಡಿಯುತ್ತದೆ, ಅದು ನುರಿತ ಕೆಲಸಗಾರನ ನಿಜವಾದ ದುಡಿಮೆಗಿಂತ ಕಡಿಮೆಯಾಗುವ ಸಂಭವವೇ ಹೆಚ್ಚು. ಕೆಲಸ ಕೊಡುತ್ತಿದ್ದ ಕಂಟ್ರಾಕ್ಟರ್ ಬಂದು ಸಾಕ್ಷಿ ಹೇಳಲು ಸಿದ್ಧರಿದ್ದಾರೆಯೇ ಎಂದು ಈಗಲೇ ಕೇಳಿ. ಬರಿಯ ಪತ್ರಕ್ಕಿಂತ ಅವರ ಬಾಯಿಮಾತಿನ ಸಾಕ್ಷ್ಯಕ್ಕೆ ಬೆಲೆ ಹೆಚ್ಚು. ಬ್ಯಾಂಕ್ ಪಾಸ್‌ಬುಕ್, ಯುಪಿಐ ಜಮೆಗಳು, ಚೀಟಿಯ ಕಂತು ಕಟ್ಟಿದ ಪುಸ್ತಕ, ಮನೆ ಬಾಡಿಗೆ ಕರಾರು, ಇವೆಲ್ಲವೂ ದುಡಿಮೆಯ ಮಟ್ಟವನ್ನು ತೋರಿಸುತ್ತವೆ.

ವೈದ್ಯರು ಕಾಲಿಗೆ 30% ಅಂಗವೈಕಲ್ಯವೆಂದು ಹೇಳಿದರೆ, ಹಲವು ತೀರ್ಪುಗಳಲ್ಲಿ ಅದರ ಮೂರನೇ ಒಂದು ಭಾಗವನ್ನು, ಅಂದರೆ 10% ಅನ್ನು, ಇಡೀ ದೇಹಕ್ಕೆ ಹಿಡಿಯುತ್ತಾರೆ. ತಿಂಗಳಿಗೆ 20,000 ರೂಪಾಯಿ ಆದಾಯವೆಂದು ಒಪ್ಪಿದರೆ, 34 ವರ್ಷಕ್ಕೆ ಗುಣಕ (ವಯಸ್ಸಿಗೆ ತಕ್ಕಂತೆ ವರ್ಷದ ನಷ್ಟವನ್ನು ಗುಣಿಸುವ ಸಂಖ್ಯೆ) 16 ಆಗಿರುವುದರಿಂದ, ಭವಿಷ್ಯದ ಆದಾಯ ನಷ್ಟ 3,84,000 ರೂಪಾಯಿ ಆಗುತ್ತದೆ. ಆದರೆ ಟೈಲ್ಸ್ ಕೆಲಸವೆಂದರೆ ದಿನವಿಡೀ ಕುಕ್ಕರಗಾಲಿನಲ್ಲಿ ಕುಳಿತು, ಮೊಣಕಾಲೂರಿ ಮಾಡುವ ಕೆಲಸ. ಮೊಣಕಾಲು ಪೂರ್ತಿ ಮಡಿಸಲಾಗದಿದ್ದರೆ, ಮೇಜಿನ ಮುಂದೆ ಕುಳಿತು ದುಡಿಯುವವರಿಗಿಂತ ಅವನಿಗಾಗುವ ನಷ್ಟ ಬಹಳ ದೊಡ್ಡದು. ಅಂಗದ ಶೇಕಡಾವಾರನ್ನು ಯಾಂತ್ರಿಕವಾಗಿ ದುಡಿಮೆಯ ನಷ್ಟವೆಂದು ಎಣಿಸಬಾರದು, ಆ ವ್ಯಕ್ತಿಯ ವೃತ್ತಿಯನ್ನು ನೋಡಬೇಕೆಂದು ರಾಜ್‌ಕುಮಾರ್ ವಿರುದ್ಧ ಅಜಯ್ ಕುಮಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ವಿವರಿಸಿದೆ. 20% ಎಂದು ಒಪ್ಪಿಸಲಾದರೆ ಮೇಲಿನ ಮೊತ್ತ 7,68,000 ಆಗುತ್ತದೆ. ಸಾಧ್ಯವಾದರೆ ಚಿಕಿತ್ಸೆ ಕೊಟ್ಟ ವೈದ್ಯರೇ ಸಾಕ್ಷಿ ನುಡಿಯುವಂತೆ ಕೇಳಿಕೊಳ್ಳಿ. ರಾಡ್ ತೆಗೆಯುವ ಶಸ್ತ್ರಚಿಕಿತ್ಸೆಗೆ ತಗಲುವ ವೆಚ್ಚದ ಅಂದಾಜನ್ನೂ ಅವರಿಂದ ಬರೆಸಿಕೊಳ್ಳಿ. ಔಷಧಿ ಬಿಲ್ಲುಗಳ ಜೊತೆ ವೈದ್ಯರು ಬರೆದುಕೊಟ್ಟ ಔಷಧಿ ಚೀಟಿಗಳೂ ಇರಲಿ.

ಉತ್ತರ: ಇನ್ನೊಬ್ಬರು

ಆಸ್ಪತ್ರೆಯ ಬಳಿ "ಬಂದ ಹಣದಲ್ಲಿ ಇಷ್ಟು ಪಾಲು" ಎಂದು ಕೇಳುತ್ತಾ ಬರುವ ಮಧ್ಯವರ್ತಿಗಳನ್ನು ದೂರವಿಡಿ. ಪರಿಹಾರದಲ್ಲಿ ಪಾಲು ಕೇಳುವುದನ್ನು ಭಾರತೀಯ ವಕೀಲರ ಪರಿಷತ್ತಿನ ನಿಯಮಗಳು ವಕೀಲರಿಗೆ ನಿಷೇಧಿಸಿವೆ. ಮಹಿಳೆಯರು, ಪರಿಶಿಷ್ಟ ಜಾತಿ ಮತ್ತು ಪಂಗಡದವರು ಹಾಗೂ ಅಂಗವೈಕಲ್ಯ ಉಳ್ಳವರಿಗೆ ಆದಾಯದ ಮಿತಿಯಿಲ್ಲದೆ ಉಚಿತ ಕಾನೂನು ನೆರವು ದೊರೆಯುತ್ತದೆ. ಸಿದ್ದಯ್ಯ ರಸ್ತೆಯ ನ್ಯಾಯದೇಗುಲದಲ್ಲಿರುವ ರಾಜ್ಯ ಕಾನೂನು ಸೇವೆಗಳ ಪ್ರಾಧಿಕಾರದಲ್ಲಿ ವಿಚಾರಿಸಿ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಕೃತಜ್ಞತೆಗಳು. ನಾಳೆ ಬೆಳಿಗ್ಗೆ ಠಾಣೆಗೆ ಹೋಗುತ್ತೇವೆ. "ಮುಂದೆ ಯಾವ ತಕರಾರೂ ಇಲ್ಲ" ಎಂಬ ಛಾಪಾ ಕಾಗದಕ್ಕೆ ಸಹಿ ಹಾಕಿದರೆ ಉಳಿದ ಬಿಲ್ ಕಟ್ಟುತ್ತೇನೆಂದು ಮಾಲೀಕರು ಇಂದು ಹೇಳಿದ್ದಾರೆ. ಈಗಾಗಲೇ ಪಡೆದ ಹಣವನ್ನು ಹಿಂದಿರುಗಿಸಬೇಕೇ?

ಉತ್ತರ: ವಕೀಲರು

ಹಿಂದಿರುಗಿಸಬೇಕಾಗಿಲ್ಲ. ಅದನ್ನು ದೂರಿನಲ್ಲಿಯೂ ಅರ್ಜಿಯಲ್ಲಿಯೂ ಮುಚ್ಚಿಡದೆ ತಿಳಿಸಿ, ಅಷ್ಟು ಮೊತ್ತವನ್ನು ನೀವೇ ಖರ್ಚು ಮಾಡಿದಿರೆಂದು ಲೆಕ್ಕ ತೋರಿಸಬೇಡಿ. ಆ ಕಾಗದಕ್ಕೆ ಮಾತ್ರ ನಿಮ್ಮ ತಮ್ಮನಾಗಲಿ ಮನೆಯವರಾಗಲಿ ಸಹಿ ಹಾಕಕೂಡದು. ಮೂಳೆ ಸರಿಯಾಗಿ ಕೂಡಿತೇ, ಮೊಣಕಾಲು ಎಷ್ಟು ಮಡಿಸುತ್ತದೆ ಎಂಬುದು ವೈದ್ಯರಿಗೇ ಇನ್ನೂ ಖಚಿತವಾಗಿರುವುದಿಲ್ಲ. ಆ ಛಾಪಾ ಕಾಗದದ ಒಂದು ಪ್ರತಿಯನ್ನು ವಾಟ್ಸಾಪ್‌ನಲ್ಲಿ ಕಳುಹಿಸುವಂತೆ ಮಾಲೀಕರನ್ನೇ ಕೇಳಿ, ಬಂದರೆ ಠಾಣೆಗೆ ಹೋಗುವಾಗ ಅದನ್ನೂ ಮುದ್ರಿಸಿಕೊಂಡು ಹೋಗಿ.