ಸಿಂಥಸೈಜರಿನ ‘ಪ್ಯಾಚ್’: ತೇಪೆಯೋ, ಹೆಣಿಗೆಯೋ?

ಮಾನ್ಯರೆ,

1960ರ ದಶಕದ ಮಾಡ್ಯುಲರ್ ಸಿಂಥಸೈಜರುಗಳನ್ನು (ಬಿಡಿ ಘಟಕಗಳನ್ನು ಜೋಡಿಸಿ ವಿದ್ಯುತ್ತಿನಿಂದ ದನಿ ಹುಟ್ಟಿಸುವ ವಾದ್ಯಗಳನ್ನು) ಕುರಿತು ಕನ್ನಡದಲ್ಲಿ ಲೇಖನವೊಂದನ್ನು ಬರೆಯುತ್ತಿರುವ ನನಗೆ ‘ಪ್ಯಾಚ್’ ಎಂಬ ಪದ ತೊಡಕಾಗಿದೆ. ನಿಘಂಟಿನಲ್ಲಿ ಸಿಗುವ ‘ತೇಪೆ’ ಹರಿದ ಬಟ್ಟೆಗೆ ಹಾಕುವಂಥದ್ದು. ಈ ಯಂತ್ರದಲ್ಲಿ ಹರಿದದ್ದು ಏನೂ ಇಲ್ಲ.

ನ್ಯೂಯಾರ್ಕ್ ರಾಜ್ಯದ ಟ್ರುಮನ್ಸ್‌ಬರ್ಗ್ ಎಂಬ ಸಣ್ಣ ಊರಿನಲ್ಲಿ ರಾಬರ್ಟ್ ಮೋಗ್ ಅವರು ಸಂಗೀತಗಾರ ಹರ್ಬರ್ಟ್ ಡಾಯ್ಚ್ ಅವರೊಡಗೂಡಿ 1964ರಲ್ಲಿ ರೂಪಿಸತೊಡಗಿದ ಯಂತ್ರದಲ್ಲಿ, ಸ್ವರ ಹುಟ್ಟಿಸುವ ಆಸಿಲೇಟರ್, ನಾದದ ಬಣ್ಣ ಬದಲಿಸುವ ಫಿಲ್ಟರ್, ದನಿಯನ್ನು ಹಿಗ್ಗಿಸಿ ಕುಗ್ಗಿಸುವ ಆಂಪ್ಲಿಫೈಯರ್ ಇವೆಲ್ಲ ಬಿಡಿಬಿಡಿ ಘಟಕಗಳು. ಹಳೆಯ ಟೆಲಿಫೋನ್ ಎಕ್ಸ್‌ಚೇಂಜಿನ ಆಪರೇಟರಂತೆ ವಾದಕನೇ ವೈರು ಚುಚ್ಚಿ ಅವನ್ನು ಜೋಡಿಸುವವರೆಗೂ ಯಂತ್ರ ಮೂಕ. (‘ಮೂಗ್’ ಎಂದು ಬರೆಯುವ ರೂಢಿ ನಮ್ಮಲ್ಲಿದೆ, ಅವರು ಒಪ್ಪುತ್ತಿದ್ದ ಉಚ್ಚಾರಣೆ ‘ಮೋಗ್’. ಮೂಗಿನ ನೆನಪಾಗದಿರುವುದು ನಮಗೂ ಒಳ್ಳೆಯದು.) ಆ ಜೋಡಿಸುವ ಕೆಲಸಕ್ಕೂ, ಜೋಡಣೆಯ ಒಟ್ಟು ವಿನ್ಯಾಸಕ್ಕೂ, ಅದರಿಂದ ಹೊಮ್ಮುವ ದನಿಗೂ ‘ಪ್ಯಾಚ್’ ಎಂಬ ಒಂದೇ ಹೆಸರು. ವೈರು ಕಿತ್ತರೆ ಆ ದನಿ ಹೋದಂತೆಯೇ. ಮತ್ತೆ ಬೇಕೆನಿಸಿದರೆ ಕಾಗದದ ಮೇಲೆ ನಕ್ಷೆ ಬರೆದಿಟ್ಟಿರಬೇಕು. ಹಾಗಾಗಿ ಶಾಶ್ವತವಾಗಿ ಕೂಡಿಸುವ ‘ಬೆಸುಗೆ’ಯೂ ಇಲ್ಲಿ ಸಲ್ಲದು.

ವೈರಿಗೆ ‘ತಂತಿ’ ಎನ್ನಲು ನನಗೆ ಮನಸ್ಸಿಲ್ಲ. ಸಂಗೀತದ ಮಾತಿನ ನಡುವೆ ‘ತಂತಿ’ ಬಂದರೆ ಓದುಗರಿಗೆ ವೀಣೆಯೇ ಕಣ್ಮುಂದೆ ನಿಲ್ಲುತ್ತದೆ. ಆದರೆ ‘ಆಕ್ಟೇವ್’ಗೆ ನಮ್ಮ ‘ಸ್ಥಾಯಿ’ ಸಲೀಸಾಗಿ ಒಗ್ಗುತ್ತದೆ: ಮೋಗ್ ಪದ್ಧತಿಯಲ್ಲಿ ಸ್ವರವನ್ನು ನಿಯಂತ್ರಿಸುವ ವಿದ್ಯುತ್ ಒತ್ತಡ (ವೋಲ್ಟೇಜು) 1 ವೋಲ್ಟ್ ಏರಿದರೆ ಸ್ವರ ಒಂದು ಸ್ಥಾಯಿ ಮೇಲೇರುತ್ತದೆ.

ನನಗೆ ತೋಚಿದ ಪದ ‘ಹೆಣಿಗೆ’. ‘ಹೆಣೆ’ ಎಂಬ ಕ್ರಿಯಾಪದ ಜೊತೆಗೇ ಬರುತ್ತದೆ, ಹೆಣೆದದ್ದನ್ನು ಬಿಚ್ಚಲೂ ಬರುತ್ತದೆ. ಸಂಗೀತ ಸಂಯೋಜಕರಾದ ಮಾರ್ಟನ್ ಸುಬಾಟ್ನಿಕ್ ಮತ್ತು ರಮೋನ್ ಸೆಂಡರ್ ಅವರ ಕೋರಿಕೆಯಂತೆ ವಾದ್ಯ ವಿನ್ಯಾಸಕ ಡಾನ್ ಬುಕ್ಲಾ ಅವರು ಸ್ಯಾನ್ ಫ್ರಾನ್ಸಿಸ್ಕೋ ಟೇಪ್ ಮ್ಯೂಸಿಕ್ ಸೆಂಟರಿಗೆ ಕಟ್ಟಿಕೊಟ್ಟ ಯಂತ್ರಕ್ಕೂ ಇದು ಹೊಂದುತ್ತದೆ. ಅಲ್ಲಿ ದನಿ ಹರಿಯುವ ವೈರುಗಳೇ ಬೇರೆ, ನಿಯಂತ್ರಣದ ವೋಲ್ಟೇಜು ಹರಿಯುವ ವೈರುಗಳೇ ಬೇರೆ, ಎರಡೆಳೆಯ ಹೆಣಿಗೆಯಂತೆ. ಲಂಡನ್ನಿನ ಇ.ಎಂ.ಎಸ್. ಸಂಸ್ಥೆ 1969ರಲ್ಲಿ ತಂದ ವಿ.ಸಿ.ಎಸ್. 3 ಯಂತ್ರದ ಮುಂದೆ ಮಾತ್ರ ನಾನು ಅನುಮಾನಿಸಿದೆ. ಅದರಲ್ಲಿ ಘಟಕಗಳನ್ನು ಕೂಡಿಸಲು ವೈರಿನ ಬದಲು ಚೌಕಳಿ ಫಲಕದ ತೂತುಗಳಿಗೆ ಸಿಕ್ಕಿಸುವ ಪಿನ್ನುಗಳಿವೆ. ಆದರೆ ಅಡ್ಡಸಾಲಿನಲ್ಲಿ ಮೂಲ, ಕಂಬಸಾಲಿನಲ್ಲಿ ಗುರಿ, ಅವು ಸಂಧಿಸುವಲ್ಲಿ ಪಿನ್ನು ಎಂದಮೇಲೆ ಅದು ಮಗ್ಗದ ಹಾಸುಹೊಕ್ಕೇ ಅಲ್ಲವೇ?

ಎರಡು ವಿಷಯಗಳಲ್ಲಿ ನಿಮ್ಮ ಅಭಿಪ್ರಾಯ ಬೇಕು. ಉತ್ತರ ಕರ್ನಾಟಕದಲ್ಲಿ ಬಾಚಣಿಗೆಗೆ ‘ಹಣಿಗೆ’ ಎನ್ನುವುದರಿಂದ ಆ ಕಡೆಯ ಓದುಗರಿಗೆ ‘ಹೆಣಿಗೆ’ ಗೊಂದಲವಾದೀತೇ? 1969ರಲ್ಲಿ ಅಮೆರಿಕದ ಸಂಗೀತಗಾರ ಡೇವಿಡ್ ಟ್ಯೂಡರ್ ಅವರು ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಯಲ್ಲಿ ಮೋಗ್ ಯಂತ್ರವನ್ನು ಅಣಿಗೊಳಿಸಿದ ಮೇಲೆ ಭಾರತೀಯರೂ ಅದನ್ನು ನುಡಿಸಿದ್ದಾರೆ. ಆ ಸ್ಟುಡಿಯೋವನ್ನು ಬಲ್ಲವರು ಈ ಬಳಗದಲ್ಲಿದ್ದರೆ, ಅಲ್ಲಿ ಈ ಕೆಲಸಕ್ಕೆ ಆಡುಮಾತಿನಲ್ಲಿ ಏನೆನ್ನುತ್ತಿದ್ದರೆಂದು ದಯವಿಟ್ಟು ತಿಳಿಸಿ.